ನಾನಿಯಿಂದ ನನಗೆ ಬಂದದ್ದು

ಕಾಮರ್ಸ್ ಓದುವ ಹುಡುಗಿಗೆ ಮೈಟೋಕಾಂಡ್ರಿಯಾದ ಚಿಂತೆ ಯಾಕೆ ಎಂದು ಸೈನ್ಸ್ ವಿಭಾಗದ ಗೆಳತಿಯರು ಕೇಳಿದರು. ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ನಾನು ಜೀವಶಾಸ್ತ್ರವನ್ನು ಎಸ್ಸೆಸ್ಸೆಲ್ಸಿಗೇ ಬಿಟ್ಟು ಬಂದವಳು. ಈಗ ನನ್ನ ಚೀಲದಲ್ಲಿರುವುದು ಅಕೌಂಟೆನ್ಸಿ, ಬಿಸಿನೆಸ್ ಸ್ಟಡೀಸ್, ಎಕನಾಮಿಕ್ಸ್, ಸ್ಟ್ಯಾಟಿಸ್ಟಿಕ್ಸ್ ಪುಸ್ತಕಗಳು. ಆದರೆ ಕಳೆದ ವರ್ಷ ತುಮಕೂರಿನ ನಮ್ಮ ಮನೆಯಲ್ಲಿ ಒಂದೇ ತಿಂಗಳಲ್ಲಿ ಎರಡು ಸಂಗತಿ ನಡೆದವು. ಅಮ್ಮಿಗೆ ಶುಗರ್ ಇದೆ ಎಂದು ರಿಪೋರ್ಟ್ ಬಂತು. ಭಾಯಿಜಾನ್ ಜಿಮ್‌ನಿಂದ 'ಪೆಪ್ಟೈಡ್' ಎಂಬ ಹೊಸ ಪದವನ್ನು ಮನೆಗೆ ತಂದರು. ಇವೆರಡಕ್ಕೂ ಸಂಬಂಧವಿದೆ ಎಂದು ಆಗ ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಸುಮ್ಮನಿರಲು ಆಗಲಿಲ್ಲ. ವಿಜ್ಞಾನದ ಮಾತುಗಳಲ್ಲಿ ಎಡವಬಾರದೆಂದು ಈ ಬರಹವನ್ನು ನಮ್ಮ ಜೀವಶಾಸ್ತ್ರದ ಮೇಡಂಗೆ ಎರಡು ಸಲ ತೋರಿಸಿದ್ದೇನೆ.

ಮೊದಲು ಶುಗರ್ ವಿಷಯ. ರಿಪೋರ್ಟ್ ಬಂದ ಸಂಜೆ ಅಮ್ಮಿ ಏನೂ ಮಾತಾಡಲಿಲ್ಲ. ಹೊಲಿಗೆ ಮೆಷಿನ್ ಮುಂದೆ ಕೂತು, ಮರುದಿನ ಕೊಡಬೇಕಿದ್ದ ಬ್ಲೌಸುಗಳನ್ನು ಮುಗಿಸುತ್ತಿದ್ದರು. ಮಾತಾಡಿದವರು ನಾನಿ. "ಇದು ನಮ್ಮ ಖಾಂದಾನಿನಲ್ಲೇ ಇದೆ. ನನ್ನ ಅಮ್ಮಾಗೆ ಇತ್ತು, ನನಗೆ ಬಂತು, ಈಗ ನಿನ್ನ ಅಮ್ಮಿಗೂ ಬಂತು" ಎಂದರು. ಆಮೇಲೆ ನನ್ನ ಕಡೆ ನೋಡಿ ಸುಮ್ಮನಾದರು. ಮುಂದಿನ ಹೆಸರು ಯಾರದ್ದು ಎಂದು ಅವರು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಇಂಥ ಮಾತು ನಿಮ್ಮ ಮನೆಗಳಲ್ಲೂ ಕೇಳಿಬರುತ್ತಿರಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಸಮೀಕ್ಷೆಯೊಂದರ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ನಮ್ಮ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ಹತ್ತು ಕೋಟಿ ಎಂಬುದು ಪರೀಕ್ಷೆಯಲ್ಲಿ ಬರೆಯುವ ಅಂಕಿ. ಅಮ್ಮಿಯ ರಿಪೋರ್ಟಿನಲ್ಲಿದ್ದ 8.1 ಎಂಬ ಅಂಕಿಯೇ ನನಗೆ ಅದಕ್ಕಿಂತ ದೊಡ್ಡದಾಗಿ ಕಂಡಿತು. ಅದು ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆಯ ಅಂಕಿ.

ನಾನಿಯ ಮಾತು ನನ್ನ ತಲೆಯಲ್ಲಿ ಉಳಿಯಿತು. ಅಮ್ಮನಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ನಿಜವಾಗಿ ಏನು ಬರುತ್ತದೆ? ಹುಡುಕುತ್ತಾ ಹೋದಾಗ ಸಿಕ್ಕಿದ್ದೇ ಮೈಟೋಕಾಂಡ್ರಿಯಾ.

ಎಂಟನೇ ತರಗತಿಯಿಂದ ನಾವೆಲ್ಲ ಬಾಯಿಪಾಠ ಮಾಡಿದ ಸಾಲು ಒಂದಿದೆ: ಮೈಟೋಕಾಂಡ್ರಿಯಾ ಜೀವಕೋಶದ ಶಕ್ತಿಕೇಂದ್ರ. ನಾವು ತಿಂದ ಅನ್ನ, ರೊಟ್ಟಿ, ಎಣ್ಣೆ ಎಲ್ಲವೂ ಕರಗಿ ಸಣ್ಣದಾಗಿ ಕೊನೆಗೆ ಅಲ್ಲಿ ತಲುಪಿ, ನಾವು ಉಸಿರಾಡಿದ ಆಮ್ಲಜನಕದ ಸಹಾಯದಿಂದ ಎಟಿಪಿ ಎಂಬ ಕಣವಾಗುತ್ತದೆ. ಎಟಿಪಿ ಎಂದರೆ ದೇಹದ ಕೈಯಲ್ಲಿರುವ ನಗದು. ಕೊಬ್ಬು ಬ್ಯಾಂಕಿನಲ್ಲಿಟ್ಟ ಠೇವಣಿಯಾದರೆ ಎಟಿಪಿ ಜೇಬಿನ ಚಿಲ್ಲರೆ. ಕಣ್ಣು ಮಿಟುಕಿಸಲೂ ಅದು ಬೇಕು.

ಆ ಸಾಲಿನಲ್ಲಿ ಇಲ್ಲದ ಸಂಗತಿಯೊಂದಿದೆ. ಮೈಟೋಕಾಂಡ್ರಿಯಾಕ್ಕೆ ತನ್ನದೇ ಆದ ಡಿಎನ್ಎ ಇದೆ. ನಮ್ಮ ಕೋಶಕೇಂದ್ರದ ಡಿಎನ್ಎಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿದ್ದರೆ, ಮೈಟೋಕಾಂಡ್ರಿಯಾದ ಡಿಎನ್ಎಯಲ್ಲಿ ಇರುವುದು 16,569 ಅಕ್ಷರಗಳು ಮಾತ್ರ. ಉಂಗುರದ ಹಾಗೆ ಸುತ್ತಿಕೊಂಡಿರುವ ಪುಟ್ಟ ದಾರ ಅದು. ಪ್ರಧಾನ ಕಚೇರಿಯ ದೊಡ್ಡ ಲೆಡ್ಜರ್ ಬೇರೆ, ಶಾಖೆಯವರು ತಮ್ಮ ಬಳಿ ಇಟ್ಟುಕೊಂಡ ಚಿಕ್ಕ ಪುಸ್ತಕ ಬೇರೆ ಎಂದುಕೊಳ್ಳಿ.

ಈ ಚಿಕ್ಕ ಪುಸ್ತಕ ನಮಗೆ ಬರುವುದು ತಾಯಿಯಿಂದ. ಕೋಶಕೇಂದ್ರದ ಲೆಡ್ಜರಿನಲ್ಲಿ ಅಬ್ಬಾರ ಅರ್ಧ, ಅಮ್ಮಿಯ ಅರ್ಧ ಇರುತ್ತದೆ. ಮೈಟೋಕಾಂಡ್ರಿಯಾದ ಪುಸ್ತಕ ಮಾತ್ರ ಪೂರ್ತಿ ಅಮ್ಮಿಯದು. ಅಮ್ಮಿಗೆ ಅದು ಬಂದದ್ದು ನಾನಿಯಿಂದ, ನಾನಿಗೆ ಅವರ ಅಮ್ಮಾನಿಂದ. ಭಾಯಿಜಾನ್‌ಗೂ ಅದೇ ಬಂದಿದೆ, ಆದರೆ ಅವರು ಅದನ್ನು ಮುಂದಕ್ಕೆ ದಾಟಿಸುವುದಿಲ್ಲ. ನಾನು ದಾಟಿಸುತ್ತೇನೆ.

ಇದಕ್ಕಿಂತ ಆಶ್ಚರ್ಯದ ಮಾತನ್ನು ಮೇಡಂ ಹೇಳಿದರು. ಹೆಣ್ಣುಮಗು ಹುಟ್ಟುವ ಮೊದಲೇ, ತಾಯಿಯ ಹೊಟ್ಟೆಯಲ್ಲಿರುವಾಗಲೇ, ಅದರ ಅಂಡಾಶಯದಲ್ಲಿ ಮುಂದಿನ ಅಂಡಗಳು ರೂಪುಗೊಂಡಿರುತ್ತವೆ. ಅಂದರೆ ಮುಂದೆ ನಾನಾಗಬೇಕಿದ್ದ ಅಂಡ, ಅಮ್ಮಿ ಇನ್ನೂ ನಾನಿಯ ಹೊಟ್ಟೆಯಲ್ಲಿದ್ದಾಗಲೇ ಇತ್ತು. ಆ ತಿಂಗಳುಗಳಲ್ಲಿ ನಾನಿ ಏನು ಮಾಡುತ್ತಿದ್ದರು ಎಂದು ನನಗೆ ಗೊತ್ತು. ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಸುತ್ತುತ್ತಿದ್ದರು. ಎಲೆ ನೆನೆಸುವುದು, ಅಳತೆಗೆ ಕತ್ತರಿಸುವುದು, ಪುಡಿ ತುಂಬಿ ಸುತ್ತುವುದು, ದಾರ ಕಟ್ಟುವುದು. ಸಾವಿರ ಬೀಡಿಗೆ ಇಷ್ಟು ಎಂದು ಕೂಲಿ. ಸಾವಿರ ಮುಗಿಯುವವರೆಗೆ ಎದ್ದೇಳುವ ಹಾಗಿರಲಿಲ್ಲ.

ಈಗ ಪೆಪ್ಟೈಡ್ ವಿಷಯಕ್ಕೆ ಬರುತ್ತೇನೆ. ಪ್ರೋಟೀನುಗಳು ಅಮೈನೋ ಆಮ್ಲ ಎಂಬ ಮಣಿಗಳನ್ನು ಪೋಣಿಸಿದ ಸರಗಳು. ಸರ ಚಿಕ್ಕದಾಗಿದ್ದರೆ ಅದಕ್ಕೆ ಪೆಪ್ಟೈಡ್ ಎನ್ನುತ್ತಾರೆ. ನಮಗೆಲ್ಲ ಹೆಸರು ಗೊತ್ತಿರುವ ಇನ್ಸುಲಿನ್ ಕೂಡ ಅಂಥದ್ದೇ. ಅದರಲ್ಲಿ 51 ಮಣಿಗಳಿವೆ. ಒಂದು ಕಡೆ ತಯಾರಾಗಿ, ರಕ್ತದಲ್ಲಿ ಹರಿದು, ಇನ್ನೊಂದು ಕಡೆ ಹೋಗಿ 'ಹೀಗೆ ಮಾಡು' ಎಂದು ಹೇಳುವುದು ಇಂಥ ಹಲವು ಪೆಪ್ಟೈಡುಗಳ ಕೆಲಸ. ಚೀಟಿ ಕಳಿಸಿದ ಹಾಗೆ.

ಮೈಟೋಕಾಂಡ್ರಿಯಾದ ಡಿಎನ್ಎಯನ್ನು ವಿಜ್ಞಾನಿಗಳು ಪೂರ್ತಿಯಾಗಿ ಓದಿದ್ದು 1981ರಲ್ಲಿ, ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ. ಅದರಲ್ಲಿ 37 ಜೀನುಗಳು ಸಿಕ್ಕವು. ಅವುಗಳಲ್ಲಿ 13 ಮಾತ್ರ ಪ್ರೋಟೀನು ತಯಾರಿಸುವ ಜೀನುಗಳು, ಉಳಿದವು ಆ ತಯಾರಿಕೆಗೆ ಬೇಕಾದ ಸಲಕರಣೆಗಳನ್ನು ಒದಗಿಸುವಂಥವು. ಲೆಕ್ಕ ಮುಗಿಯಿತು ಎಂದು ಎಲ್ಲರೂ ಪುಸ್ತಕ ಮುಚ್ಚಿದರು. ಇಪ್ಪತ್ತು ವರ್ಷ ಅದು ಹಾಗೇ ಇತ್ತು.

2001ರಲ್ಲಿ ಜಪಾನಿನ ಟೋಕಿಯೋದಲ್ಲಿರುವ ಕೇಯೋ ವಿಶ್ವವಿದ್ಯಾಲಯದ ಇಕುವೊ ನಿಶಿಮೊಟೊ ಮತ್ತು ಅವರ ಸಂಗಡಿಗರು ಬೇರೆ ಏನನ್ನೋ ಹುಡುಕುತ್ತಿದ್ದರು. ಮರೆವಿನ ಕಾಯಿಲೆಯಾದ ಆಲ್ಝೈಮರ್ ಬಂದವರ ಮಿದುಳಿನಲ್ಲಿಯೂ ಕೆಲವು ಭಾಗಗಳು ಹೆಚ್ಚು ಹಾಳಾಗದೆ ಉಳಿದಿರುತ್ತವೆ. ಆ ಭಾಗದ ಕೋಶಗಳನ್ನು ಕಾಪಾಡುತ್ತಿರುವುದು ಯಾವುದು ಎಂಬುದು ಅವರ ಪ್ರಶ್ನೆ. ಸಿಕ್ಕಿದ್ದು 24 ಮಣಿಗಳ ಒಂದು ಪೆಪ್ಟೈಡ್. ಅದಕ್ಕೆ ಹ್ಯೂಮನಿನ್ ಎಂದು ಹೆಸರಿಟ್ಟರು. ಅದರ ಸೂತ್ರ ಇದ್ದದ್ದು ಮೈಟೋಕಾಂಡ್ರಿಯಾದ ಪುಸ್ತಕದಲ್ಲಿ, ಸಲಕರಣೆಯ ಜೀನು ಎಂದು ಪಕ್ಕಕ್ಕಿಟ್ಟಿದ್ದ ಒಂದು ಜೀನಿನ ಒಳಗೆ. ದೊಡ್ಡ ನಮೂದಿನ ಒಳಗೇ ಪುಟ್ಟ ಅಕ್ಷರದಲ್ಲಿ ಇನ್ನೊಂದು ನಮೂದು! ಆಡಿಟ್ ಮಾಡುವವರು ಎಷ್ಟೋ ಸಲ ಕಣ್ಣಾಡಿಸಿದ್ದರೂ ನೋಡದೆ ಬಿಟ್ಟದ್ದು.

2015ರಲ್ಲಿ ಅಮೆರಿಕದ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಚಾಂಗ್‌ಹಾನ್ ಲೀ, ಪಿಂಚಾಸ್ ಕೋಹೆನ್ ಮತ್ತು ಅವರ ತಂಡ ಅಂಥದ್ದೇ ಇನ್ನೊಂದು ಜೀನಿನೊಳಗೆ 16 ಮಣಿಗಳ ಪೆಪ್ಟೈಡನ್ನು ಕಂಡರು. ಅದರ ಹೆಸರು ಮಾಟ್ಸ್-ಸಿ. ಮರುವರ್ಷ ಹ್ಯೂಮನಿನ್ ಇರುವ ಪ್ರದೇಶದಲ್ಲೇ ಇನ್ನೂ ಆರು ಪೆಪ್ಟೈಡುಗಳು ಸಿಕ್ಕವು.

ಮಾಟ್ಸ್-ಸಿ ಮಾಡುವ ಕೆಲಸವನ್ನು ನನಗೆ ಅರ್ಥಮಾಡಿಸಿದ್ದು ಅಬ್ಬಾರ ಚಪ್ಪಲಿ ಅಂಗಡಿ. ಗಲ್ಲಾಪೆಟ್ಟಿಗೆಯಲ್ಲಿ ನಗದು ಕಡಿಮೆಯಾದಾಗ ಅಬ್ಬಾ ಎರಡು ಕೆಲಸ ಮಾಡುತ್ತಾರೆ. ಹೊಸ ಸರಕು ತರಿಸುವುದನ್ನು ನಿಲ್ಲಿಸುತ್ತಾರೆ. ಬರಬೇಕಾದ ಬಾಕಿಯ ವಸೂಲಿಗೆ ಹೊರಡುತ್ತಾರೆ. ನಮ್ಮ ಜೀವಕೋಶದಲ್ಲೂ ಹೀಗೆ ನಗದು ನೋಡಿಕೊಳ್ಳುವ ಒಂದು ಪ್ರೋಟೀನ್ ಇದೆ, ಅದರ ಹೆಸರು ಎಎಂಪಿಕೆ. ಎಟಿಪಿ ಕಡಿಮೆಯಾದ ಸೂಚನೆ ಸಿಕ್ಕರೆ ಅದು ಎಚ್ಚರಗೊಳ್ಳುತ್ತದೆ. ಕೊಬ್ಬು ಕೂಡಿಡುವ ಕೆಲಸ ನಿಧಾನವಾಗುತ್ತದೆ. ಕೂಡಿಟ್ಟ ಕೊಬ್ಬು ಕರಗತೊಡಗುತ್ತದೆ. ರಕ್ತದಲ್ಲಿ ತಿರುಗುತ್ತಿರುವ ಸಕ್ಕರೆಯನ್ನು ಸ್ನಾಯುಗಳು ಒಳಗೆ ಎಳೆದುಕೊಳ್ಳುತ್ತವೆ. ಮಾಟ್ಸ್-ಸಿ ಈ ಎಎಂಪಿಕೆಯನ್ನು ಎಚ್ಚರಿಸುತ್ತದೆ ಎಂದು ಆ ತಂಡ ತೋರಿಸಿತು. ಅದು ಮುಖ್ಯವಾಗಿ ಕೆಲಸ ಮಾಡುವುದು ಸ್ನಾಯುಗಳಲ್ಲಿ. ಕೊಬ್ಬಿನ ಆಹಾರ ತಿನ್ನಿಸಿದ ಇಲಿಗಳಿಗೆ ಅದನ್ನು ಕೊಟ್ಟಾಗ ಅವು ಊದಿಕೊಳ್ಳಲಿಲ್ಲ, ಅವುಗಳ ದೇಹ ಇನ್ಸುಲಿನ್ ಮಾತನ್ನು ಚೆನ್ನಾಗಿ ಕೇಳಿತು.

2018ರಲ್ಲಿ ಇನ್ನೊಂದು ವಿಷಯ ಗೊತ್ತಾಯಿತು. ಜೀವಕೋಶ ಕಷ್ಟದಲ್ಲಿದ್ದಾಗ ಮಾಟ್ಸ್-ಸಿ ಕೋಶಕೇಂದ್ರದ ಒಳಕ್ಕೇ ಹೋಗಿ, ಅಲ್ಲಿರುವ ಜೀನುಗಳ ಕೆಲಸವನ್ನು ಬದಲಾಯಿಸುತ್ತದೆ. ಶಾಖೆಯವರು ಪ್ರಧಾನ ಕಚೇರಿಗೆ ಹೋಗಿ, 'ನಮ್ಮಲ್ಲಿ ಪರಿಸ್ಥಿತಿ ಹೀಗಿದೆ, ನೀವು ಹೀಗೆ ಮಾಡಿ' ಎಂದು ಹೇಳಿ ಬಂದಂತೆ. ಅಲ್ಲಿಯವರೆಗೆ ಆಜ್ಞೆ ಮೇಲಿನಿಂದ ಕೆಳಕ್ಕೆ ಮಾತ್ರ ಬರುತ್ತದೆ ಎಂದು ಅನೇಕರು ತಿಳಿದಿದ್ದರು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಫಲಿತಾಂಶ ಬಂದದ್ದು 2021ರಲ್ಲಿ. ಹತ್ತು ಮಂದಿ ಆರೋಗ್ಯವಂತ ಯುವಕರನ್ನು ನಿಂತಲ್ಲೇ ತುಳಿಯುವ ಸೈಕಲ್ ಮೇಲೆ ಕೂರಿಸಿ ವ್ಯಾಯಾಮ ಮಾಡಿಸಿದರು. ಮೊದಲು ಮತ್ತು ಆಮೇಲೆ ಅವರ ಸ್ನಾಯುವಿನ ಚೂರನ್ನೂ ರಕ್ತವನ್ನೂ ಪರೀಕ್ಷಿಸಿದರು. ಸ್ನಾಯುವಿನಲ್ಲಿ ಮಾಟ್ಸ್-ಸಿ ಸುಮಾರು 12 ಪಟ್ಟು ಏರಿತ್ತು. ರಕ್ತದಲ್ಲಿ ಸುಮಾರು ಶೇಕಡಾ 50ರಷ್ಟು ಏರಿತ್ತು. ನಾಲ್ಕು ಗಂಟೆ ವಿಶ್ರಾಂತಿಯ ನಂತರವೂ ಸ್ನಾಯುವಿನಲ್ಲಿ ಅದು ಪೂರ್ತಿ ಇಳಿದಿರಲಿಲ್ಲ. ಅದೇ ಅಧ್ಯಯನದಲ್ಲಿ 22 ತಿಂಗಳ ಇಲಿಗಳಿಗೆ, ಅಂದರೆ ಇಲಿಗಳ ಲೆಕ್ಕದಲ್ಲಿ ಮುದುಕರಿಗೆ, ಮಾಟ್ಸ್-ಸಿ ಕೊಟ್ಟಾಗ ಅವು ಟ್ರೆಡ್‌ಮಿಲ್ ಮೇಲೆ ಮೊದಲಿಗಿಂತ ಬಹಳ ಚೆನ್ನಾಗಿ ಓಡಿದವು.

ಹತ್ತು ಜನ ಎಂದರೆ ಚಿಕ್ಕ ಸ್ಯಾಂಪಲ್. ಅವರೆಲ್ಲ ಯುವಕರು, ಹೆಂಗಸರಿಲ್ಲ, ನಾನಿಯ ವಯಸ್ಸಿನವರಿಲ್ಲ. ಸ್ಟ್ಯಾಟಿಸ್ಟಿಕ್ಸ್ ಓದುವ ನಾವು ಇದನ್ನು ಗಮನಿಸಲೇಬೇಕು. ನಡಿಗೆಯಿಂದ ಆಗುವ ಒಳ್ಳೆಯದೆಲ್ಲ ಮಾಟ್ಸ್-ಸಿ ಒಂದರಿಂದಲೇ ಆಗುತ್ತದೆ ಎಂದೂ ಇಲ್ಲ. ಆದರೂ ಈ ಫಲಿತಾಂಶ ಓದಿದ ದಿನ ನಾನಿಯ ಮಾತು ನನಗೆ ಬೇರೆ ರೀತಿ ಕೇಳಿಸತೊಡಗಿತು. ಅಮ್ಮನ ಕಡೆಯಿಂದ ಬಂದ ಪುಸ್ತಕದಲ್ಲಿ ಕಾಯಿಲೆಯ ಹೆಸರು ಮಾತ್ರ ಬರೆದಿಲ್ಲ. ಸಕ್ಕರೆಯನ್ನು ಸ್ನಾಯುಗಳ ಒಳಕ್ಕೆ ಕರೆಯುವ ಚೀಟಿಯ ಒಕ್ಕಣೆಯೂ ಅದರಲ್ಲೇ ಇದೆ. ಮೈ ಕದಲಿದಾಗ ಆ ಚೀಟಿಗಳು ಹೆಚ್ಚುತ್ತವೆ.

ಹಾಗಾದರೆ ಶುಗರ್ ಖಾಂದಾನಿನಿಂದ ಬರುವುದಿಲ್ಲವೇ? ಇದನ್ನು ಮೇಡಂ ಬಳಿ ಬಿಡಿಸಿ ಕೇಳಿದೆ. ಮೈಟೋಕಾಂಡ್ರಿಯಾದ ಡಿಎನ್ಎಯಲ್ಲಿ ಒಂದು ನಿರ್ದಿಷ್ಟ ಅಕ್ಷರ ಬದಲಾಗಿ, ತಾಯಿಯಿಂದ ಮಕ್ಕಳಿಗೆ ಸಕ್ಕರೆ ಕಾಯಿಲೆಯೂ ಕಿವುಡುತನವೂ ಒಟ್ಟಿಗೆ ಬರುವ ಕಾಯಿಲೆ ಇದೆ. ಆದರೆ ಅದು ಅಪರೂಪ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ಎರಡನೇ ಬಗೆಯ ಸಕ್ಕರೆ ಕಾಯಿಲೆಗೆ ತಂದೆ ತಾಯಿ ಇಬ್ಬರಿಂದಲೂ ಬರುವ ಹಲವಾರು ಜೀನುಗಳ ಪಾಲಿದೆ. ಅದರ ಜೊತೆಗೆ ಊಟ, ತೂಕ, ನಿದ್ದೆ, ಓಡಾಟ ಸೇರುತ್ತವೆ. ಆದ್ದರಿಂದ ನಾನಿ ಹೇಳಿದ್ದು ಅರ್ಧ ನಿಜ.

ಉಳಿದ ಅರ್ಧವನ್ನು ತೋರಿಸುವ ಒಂದು ಅಧ್ಯಯನ ಜಪಾನಿನಿಂದ ಬಂದಿದೆ. ಅಲ್ಲಿ ಕೆಲವರಿಗೆ ಮಾಟ್ಸ್-ಸಿ ಸೂತ್ರದಲ್ಲೇ ಒಂದು ಅಕ್ಷರ ಬೇರೆ ಇರುತ್ತದೆ. ಅದರಿಂದ ಹದಿನಾರು ಮಣಿಗಳಲ್ಲಿ ಒಂದು ಮಣಿ ಬದಲಾಗುತ್ತದೆ. ಆ ಬದಲಾವಣೆ ಇದ್ದ ಗಂಡಸರಲ್ಲಿ ಸಕ್ಕರೆ ಕಾಯಿಲೆ ಹೆಚ್ಚು ಕಂಡಿತು. ಅದರಲ್ಲೂ ಎದ್ದು ಕಂಡದ್ದು ಓಡಾಟ ತೀರ ಕಡಿಮೆ ಇದ್ದವರಲ್ಲಿ. ಹೆಂಗಸರಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ಪುಸ್ತಕದಲ್ಲಿ ಬರೆದದ್ದು ಒಂದೇ ಆದರೂ ಎದ್ದು ಓಡಾಡಿದವರ ಲೆಕ್ಕ ಬೇರೆ, ಕೂತವರ ಲೆಕ್ಕ ಬೇರೆ ಎಂದು ನಾನು ಅದನ್ನು ಅರ್ಥಮಾಡಿಕೊಂಡೆ.

ಆಮೇಲೆ ನಮ್ಮ ಖಾಂದಾನಿನ ಲೆಕ್ಕ ಹಾಕಿದೆ. ನಾನಿ ಹನ್ನೆರಡನೇ ವಯಸ್ಸಿನಿಂದ ಐವತ್ತೈದರವರೆಗೆ ಬೀಡಿ ಸುತ್ತಿದರು. ಅದು ಕೂತು ಮಾಡುವ ಕೆಲಸ. ಅಮ್ಮಿ ಮದುವೆಯಾದಾಗಿನಿಂದ ಹೊಲಿಯುತ್ತಿದ್ದಾರೆ. ಅವರದ್ದು ಮೋಟಾರ್ ಹಾಕಿದ ಮೆಷಿನ್, ಕಾಲಿನಿಂದ ತುಳಿಯುವ ಕೆಲಸವೂ ಇಲ್ಲ. ನಾನು ಕಾಲೇಜಿನಲ್ಲಿ ಬೆಂಚಿನ ಮೇಲೆ ಕೂರುತ್ತೇನೆ, ಟ್ಯೂಷನ್ನಿನಲ್ಲಿ ಕೂರುತ್ತೇನೆ, ಮನೆಯಲ್ಲಿ ಬ್ಯಾಲೆನ್ಸ್ ಶೀಟ್ ತಾಳೆಯಾಗುವವರೆಗೆ ಕೂರುತ್ತೇನೆ. ನಾನಿಯಿಂದ ಅಮ್ಮಿಗೆ, ಅಮ್ಮಿಯಿಂದ ನನಗೆ ಜೀನುಗಳ ಜೊತೆ ಕೂರುವುದೂ ಬಂದಿದೆ. ನಾನಿಯನ್ನು ಯಾರೂ ಸೋಮಾರಿ ಎನ್ನಲಾರರು. ಅವರ ಬೆರಳುಗಳು ದುಡಿದು ದುಡಿದು ಬಾಗಿವೆ. ಬೆರಳು ದುಡಿಯಿತು, ಕಾಲು ಕೂತಿತ್ತು.

ಈಗ ಭಾಯಿಜಾನ್ ತಂದ ಪದದ ಕಥೆ. ಅವರ ಜಿಮ್ಮಿಗೆ ಬರುವ ಒಬ್ಬರು ಪುಟ್ಟ ಗಾಜಿನ ಸೀಸೆಯ ಫೋಟೋ ತೋರಿಸಿದ್ದರು. ಒಳಗೆ ಬಿಳಿ ಪುಡಿ. ನೀರು ಬೆರೆಸಿ ಚುಚ್ಚಿಕೊಳ್ಳಬೇಕು. ಓಡದೆಯೇ ಓಡಿದ ಲಾಭ, ಕೊಬ್ಬು ಕರಗುತ್ತದೆ, ವಯಸ್ಸು ನಿಲ್ಲುತ್ತದೆ, ಅಮ್ಮಿಯ ಶುಗರಿಗೂ ಆಗುತ್ತದೆ ಎಂದಿದ್ದರಂತೆ. ಒಂದು ತಿಂಗಳ ಬೆಲೆ ಅಬ್ಬಾರ ಅಂಗಡಿಯ ಒಂದು ತಿಂಗಳ ಬಾಡಿಗೆಯಷ್ಟು. ಭಾಯಿಜಾನ್ ಕೇಳಿದ್ದು ತಮಗಾಗಿ ಮಾತ್ರ ಅಲ್ಲ, ಅಮ್ಮಿಗಾಗಿಯೂ. ಆದ್ದರಿಂದ ಅವರ ಮೇಲೆ ಕೋಪ ಮಾಡಿಕೊಳ್ಳಲು ನನಗೆ ಆಗಲಿಲ್ಲ. ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಹೆಸರು ಮಾಟ್ಸ್-ಸಿ. ಕೆಳಗೆ ಸಣ್ಣ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು: ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗೆ ಅಲ್ಲ.

ಚುಚ್ಚುಮದ್ದು ಎಂದ ಮಾತ್ರಕ್ಕೆ ನಾನು ಹೆದರಲಿಲ್ಲ. ಪೆಪ್ಟೈಡನ್ನು ನುಂಗಿದರೆ ಹೊಟ್ಟೆ ಅದನ್ನು ಮೊಟ್ಟೆ ಬೇಳೆಗಳ ಹಾಗೆ ಜೀರ್ಣಿಸಿಬಿಡುತ್ತದೆ, ಅದಕ್ಕೇ ಇನ್ಸುಲಿನನ್ನು ಚುಚ್ಚುವುದು. 1922ರ ಜನವರಿಯಲ್ಲಿ ಕೆನಡಾದ ಟೊರೊಂಟೊದಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಕೊಟ್ಟರು. ಅಲ್ಲಿಂದ ಇಂದಿನವರೆಗೆ ಅದು ಕೋಟ್ಯಂತರ ಜೀವ ಉಳಿಸಿದೆ. ನಮ್ಮ ನಾನಿ ಇಂದು ನಮ್ಮ ಜೊತೆ ಊಟಕ್ಕೆ ಕೂರುತ್ತಿದ್ದರೆ ಫ್ರಿಜ್ಜಿನ ಬಾಗಿಲಲ್ಲಿರುವ ಆ ಸೀಸೆಯೇ ಕಾರಣ. ಆ ಸೀಸೆಯ ಹಿಂದೆ ನೂರು ವರ್ಷದ ಪರೀಕ್ಷೆ ಇದೆ, ಪ್ರಮಾಣ ಬರೆದುಕೊಡುವ ಡಾಕ್ಟರ್ ಇದ್ದಾರೆ. ಫೋಟೋದ ಸೀಸೆಯ ಹಿಂದೆ ಏನಿದೆ ಎಂದು ನೋಡೋಣ ಎಂದುಕೊಂಡೆ.

ಇಲ್ಲಿ ಕಾಮರ್ಸ್ ಕೆಲಸಕ್ಕೆ ಬಂತು. ಮಾಟ್ಸ್-ಸಿ ಕಂಡುಹಿಡಿದವರಲ್ಲಿ ಒಬ್ಬರಾದ ಪಿಂಚಾಸ್ ಕೋಹೆನ್ ಮತ್ತು ವೃದ್ಧಾಪ್ಯದ ವಿಜ್ಞಾನಿ ನಿರ್ ಬಾರ್ಝಿಲಾಯ್ ಸೇರಿ, ಇಂಥ ಪೆಪ್ಟೈಡುಗಳಿಂದ ಔಷಧಿ ಮಾಡಲೆಂದೇ ಒಂದು ಕಂಪನಿ ಕಟ್ಟಿದ್ದರು. ಇಬ್ಬರ ಹೆಸರಿನ ಮೊದಲ ಅಕ್ಷರಗಳನ್ನು ಸೇರಿಸಿ ಕೋಬಾರ್ ಎಂದು ಹೆಸರು. ಅವರು ಮಾಟ್ಸ್-ಸಿಯನ್ನು ಸ್ವಲ್ಪ ಮಾರ್ಪಡಿಸಿ ಮನುಷ್ಯರ ಮೇಲೆ ಪರೀಕ್ಷೆ ಶುರು ಮಾಡಿದರು. ಚುಚ್ಚಿದ ಜಾಗದಲ್ಲಿ ತೊಂದರೆ ಕಂಡದ್ದರಿಂದ 2018ರಲ್ಲಿ ಪರೀಕ್ಷೆಯನ್ನು ಕೆಲವು ತಿಂಗಳು ನಿಲ್ಲಿಸಬೇಕಾಯಿತು. 2021ರಲ್ಲಿ ಬಂದ ಫಲಿತಾಂಶದಲ್ಲಿ ಒಳ್ಳೆಯ ಸೂಚನೆಗಳಿದ್ದವು, ಆದರೆ ಅದು 20 ಜನರ ಮೇಲೆ ನಾಲ್ಕು ವಾರ ನಡೆದ ಪರೀಕ್ಷೆ. ಅಲ್ಲಿಂದ ಮುಂದೆ ಔಷಧಿ ಅಂಗಡಿಗೆ ಬರಲಿಲ್ಲ. 2023ರಲ್ಲಿ ಬೇರೊಂದು ಕಂಪನಿಯೊಡನೆ ವಿಲೀನವಾಗುವ ಒಪ್ಪಂದವೂ ಕೈಗೂಡಲಿಲ್ಲ. ಕಂಡುಹಿಡಿದವರೇ, ಬಂಡವಾಳ ಹಾಕಿ, ಡಾಕ್ಟರುಗಳ ಕಣ್ಣೆದುರು ಪರೀಕ್ಷಿಸಿ, ಮಾರುಕಟ್ಟೆಗೆ ತರಲಾಗದ್ದನ್ನು ಜಿಮ್ಮಿನ ಮೂಲೆಯಲ್ಲಿ ಯಾರೋ ಮಾರುತ್ತಿದ್ದಾರೆ ಎಂದರೆ ಏನರ್ಥ? ಇನ್ನೊಂದು ಮಾತು ಭಾಯಿಜಾನ್‌ಗೆ ನಾಟಿತು. ಕ್ರೀಡಾಪಟುಗಳಿಗೆ ನಿಷೇಧಿಸಿದ ವಸ್ತುಗಳ ವಿಶ್ವ ಉದ್ದೀಪನ ತಡೆ ಸಂಸ್ಥೆಯ ಪಟ್ಟಿಯಲ್ಲಿ ಮಾಟ್ಸ್-ಸಿ ಹೆಸರಿದೆ. ಅವರು ಜಿಲ್ಲಾ ಮಟ್ಟದಲ್ಲಿ ಕಬಡ್ಡಿ ಆಡುವವರು.

ಆದರೂ ಅವರು ಕೂಡಲೇ ಒಪ್ಪಲಿಲ್ಲ. ಕೊನೆಗೆ ನಾನು ಒಂದೇ ಪ್ರಶ್ನೆ ಕೇಳಿ ಬರಲು ಹೇಳಿದೆ: "ಬಿಲ್ ಕೊಡ್ತಾರಾ? ತಯಾರಿಸಿದವರ ಹೆಸರು, ಬ್ಯಾಚ್ ನಂಬರ್ ಇರೋ ಬಿಲ್?" ಮಾರುವವರು ನಕ್ಕು, ಇಂಥದ್ದಕ್ಕೆ ಯಾರು ಬಿಲ್ ಕೊಡುತ್ತಾರೆ ಎಂದರಂತೆ. ಭಾಯಿಜಾನ್ ಮನೆಗೆ ಬಂದು, "ನಿನ್ನ ಅಕೌಂಟ್ಸ್ ಮೇಡಂಗೆ ಸಲಾಂ ಹೇಳು" ಎಂದು ಒಳಗೆ ಹೋದರು. ಸೀಸೆ ನಮ್ಮ ಮನೆಗೆ ಬರಲಿಲ್ಲ.

ವಯಸ್ಸು ನಿಲ್ಲುತ್ತದೆ ಎಂದು ಆ ವ್ಯಕ್ತಿ ಹೇಳಿದ್ದಕ್ಕೆ ಬುಡವೇ ಇಲ್ಲವೆಂದಲ್ಲ. ರಕ್ತದಲ್ಲಿ ಹ್ಯೂಮನಿನ್ ಪ್ರಮಾಣ ವಯಸ್ಸಿನ ಜೊತೆ ಇಳಿಯುತ್ತದೆ. ನೂರು ವರ್ಷ ಬದುಕಿದವರ ಮಕ್ಕಳಲ್ಲಿ ಅದು ಅದೇ ವಯಸ್ಸಿನ ಬೇರೆಯವರಿಗಿಂತ ಹೆಚ್ಚಿರುವುದನ್ನು 2020ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಹ್ಯೂಮನಿನ್ ಹೆಚ್ಚು ತಯಾರಾಗುವಂತೆ ಮಾಡಿದ ಸಣ್ಣ ಹುಳುಗಳು ಹೆಚ್ಚು ದಿನ ಬದುಕಿದವು. ಆದರೆ ಹುಳುವಿನಿಂದ ನಾನಿಯವರೆಗೆ ದಾರಿ ಉದ್ದವಿದೆ. ಎರಡು ಸಂಗತಿ ಒಟ್ಟಿಗೆ ಕಂಡರೆ ಒಂದು ಇನ್ನೊಂದಕ್ಕೆ ಕಾರಣ ಎನ್ನಬಾರದು ಎಂಬುದು ನಮ್ಮ ಸಹಸಂಬಂಧದ ಪಾಠದಲ್ಲೇ ಇದೆ.

ವೃದ್ಧಾಪ್ಯವನ್ನು ನಾನು ಸವಕಳಿಯ ಹಾಗೆ ಯೋಚಿಸುತ್ತೇನೆ. ಯಂತ್ರ ಕೊಂಡ ದಿನದಿಂದ ಅದರ ಬೆಲೆ ಇಳಿಯುತ್ತದೆ, ಯಾರೂ ತಡೆಯಲಾರರು. ಆದರೆ ಎಣ್ಣೆ ಹಾಕಿ ನಡೆಸುತ್ತಿದ್ದ ಯಂತ್ರವೂ ಮೂಲೆಯಲ್ಲಿ ತುಕ್ಕು ಹಿಡಿದ ಯಂತ್ರವೂ ಹತ್ತು ವರ್ಷದ ನಂತರ ಒಂದೇ ಆಗಿರುವುದಿಲ್ಲ. ನಾನಿಗೆ ನೂರು ವರ್ಷ ಬೇಕಿಲ್ಲ. ಯಾರ ಕೈ ಹಿಡಿಯದೆ ಬಚ್ಚಲಿಗೆ ಹೋಗಿಬರುವಷ್ಟು ಕಾಲಲ್ಲಿ ಬಲ ಇರಲಿ ಎಂಬುದೇ ಅವರ ದುವಾ.

ಡಾಕ್ಟರು ಅಮ್ಮಿಗೆ ಮಾತ್ರೆ ಬರೆದುಕೊಟ್ಟು, ದಿನಾ ಅರ್ಧ ಗಂಟೆ ಬಿರುಸಾಗಿ ನಡೆಯಿರಿ ಎಂದಿದ್ದರು. ಎಲ್ಲರಿಗೂ ಹೇಳುವ ಮಾತು ಎಂದು ಅಮ್ಮಿ ಕಿವಿಗೆ ಹಾಕಿಕೊಂಡಿರಲಿಲ್ಲ. ನಾನು ಚೀಟಿಯ ಕಥೆಯನ್ನು ನಮ್ಮ ಮನೆಯ ಉರ್ದುವಿನಲ್ಲಿ ಹೇಳಿದ ಮೇಲೆ ಅವರು ಕೇಳಿದ ಮೊದಲ ಪ್ರಶ್ನೆ: "ನಡೀತೀನಿ. ಆದರೆ ಎಲ್ಲಿ?"

ಇದಕ್ಕೆ ಯಾವ ಪ್ರಯೋಗಾಲಯವೂ ಉತ್ತರ ಕೊಡುವುದಿಲ್ಲ. ನಮ್ಮ ಗಲ್ಲಿಯಲ್ಲಿ ಎರಡು ಬೈಕು ಎದುರಾದರೆ ಒಂದು ನಿಲ್ಲಬೇಕು. ಪಾರ್ಕು ದೂರ, ಬೆಳಿಗ್ಗೆ ಡಬ್ಬಿ ಕಟ್ಟುವ ಹೊತ್ತು, ಸಂಜೆ ಕತ್ತಲು. ಅಬ್ಬಾ ಫಜರ್ ನಮಾಜಿನ ನಂತರ ಮಸೀದಿಯಿಂದ ಸುತ್ತುಹಾಕಿಕೊಂಡು ಬರುತ್ತಾರೆ, ಅವರಿಗೆ ದಾರಿ ಇದೆ. ಹೆಂಗಸರಿಗೆ ಕಾರಣ ಬೇಕು. ನಮ್ಮ ಮೊಹಲ್ಲಾ ಒಂದರ ಮಾತಲ್ಲ ಇದು. 2024ರಲ್ಲಿ ಪ್ರಕಟವಾದ ಒಂದು ಅಂತಾರಾಷ್ಟ್ರೀಯ ಅಧ್ಯಯನದ ಪ್ರಕಾರ, 2022ರಲ್ಲಿ ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇರಲಿಲ್ಲ. ಗಂಡಸರಲ್ಲಿ ಶೇಕಡಾ 42, ಹೆಂಗಸರಲ್ಲಿ ಶೇಕಡಾ 57. ನಡುವಿನ ಈ ಶೇಕಡಾ 15ರಲ್ಲಿ ಸೋಮಾರಿತನಕ್ಕಿಂತ ಜಾಗದ ಪಾಲೇ ಹೆಚ್ಚು ಎಂದು ನನಗನ್ನಿಸುತ್ತದೆ.

ಸದ್ಯಕ್ಕೆ ಅಮ್ಮಿ ತಾರಸಿಯ ಮೇಲೆ ನಡೆಯುತ್ತಾರೆ. ಒಣಹಾಕಿದ ಬಟ್ಟೆಗಳ ಕೆಳಗೆ ಬಗ್ಗಿ, ನೀರಿನ ಟ್ಯಾಂಕು ಸುತ್ತಿ, ಒಂದು ಸುತ್ತಿಗೆ 38 ಹೆಜ್ಜೆ. ಪಕ್ಕದ ಮನೆಯ ಖಾಲಾ ಈಗ ತಮ್ಮ ತಾರಸಿಯಲ್ಲಿ ಅದೇ ಹೊತ್ತಿಗೆ ನಡೆಯುತ್ತಾರೆ. ಗೋಡೆಯ ಆಚೆ ಈಚೆ ಮಾತು ಸಾಗುತ್ತದೆ. ನಾನಿ ಕೋಲು ಹಿಡಿದು ವರಾಂಡದಲ್ಲಿ ಹತ್ತು ಸಲ ಹೋಗಿ ಬರುತ್ತಾರೆ. ಆರು ತಿಂಗಳ ನಂತರ ಅಮ್ಮಿಯ 8.1 ಇಳಿದು 7.2 ಆಗಿತ್ತು. ಅದರಲ್ಲಿ ಮಾತ್ರೆಯ ಪಾಲೆಷ್ಟು, ನಡಿಗೆಯ ಪಾಲೆಷ್ಟು, ಕಡಿಮೆ ಮಾಡಿದ ಚಹಾ ಸಕ್ಕರೆಯ ಪಾಲೆಷ್ಟು ಎಂದು ಬೇರ್ಪಡಿಸಲು ನನ್ನಿಂದಾಗದು. ಮಾತ್ರೆಯನ್ನು ಒಂದು ದಿನವೂ ಬಿಟ್ಟಿಲ್ಲ, ಬಿಡಲೂಬಾರದು.

ಉಳಿದದ್ದು ನನ್ನ ಲೆಕ್ಕ, ನಮ್ಮೆಲ್ಲರ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 17 ವರ್ಷದವರೆಗಿನ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಸಬೇಕು. ದೊಡ್ಡವರು ವಾರಕ್ಕೆ ಕನಿಷ್ಠ 150 ನಿಮಿಷ. ನಮ್ಮ ಕಾಲೇಜಿನ ಮೈದಾನದಲ್ಲಿ ಸಂಜೆ ಕ್ರಿಕೆಟ್ ನಡೆಯುತ್ತದೆ. ಸಹೋದರರು ಆಡಲಿ, ಅದರ ಬಗ್ಗೆ ತಕರಾರಿಲ್ಲ. ಕಾಂಪೌಂಡ್ ಗೋಡೆಯ ಪಕ್ಕದಲ್ಲಿ ಬೇವಿನ ಮರಗಳ ಕೆಳಗೆ ಉದ್ದಕ್ಕೆ ಖಾಲಿ ಜಾಗ ಇದೆ. ಕೊನೆಯ ಬೆಲ್ ಆದ ಮೇಲೆ 4:15ರಿಂದ 5ರವರೆಗೆ ಆ ಪಟ್ಟಿಯನ್ನು ನಡೆಯಲು ವಿದ್ಯಾರ್ಥಿನಿಯರಿಗೆ ಬಿಟ್ಟುಕೊಡಬೇಕು, ಭಾನುವಾರ ಬೆಳಿಗ್ಗೆ ಒಂದು ಗಂಟೆ ನಮ್ಮ ಅಮ್ಮಂದಿರಿಗೂ ಪಕ್ಕದ ಗೇಟು ತೆರೆಯಬೇಕು ಎಂದು ಪ್ರಾಂಶುಪಾಲರಲ್ಲಿ ಮನವಿ ಬರೆದಿದ್ದೇವೆ. ಖರ್ಚಿನ ಅಂದಾಜನ್ನೂ ಲಗತ್ತಿಸಿದ್ದೇನೆ: ಗೆರೆ ಎಳೆಯಲು ಒಂದು ಚೀಲ ಸುಣ್ಣದ ಪುಡಿ.

ಇಲ್ಲಿಯವರೆಗೆ 23 ಜನ ಸಹಿ ಹಾಕಿದ್ದಾರೆ. ಅವರಲ್ಲಿ ನಾಲ್ವರು ಉಪನ್ಯಾಸಕಿಯರು. ಹಾಳೆ ಈ ತಿಂಗಳ ಕೊನೆಯವರೆಗೆ ಲೈಬ್ರರಿಯ ಕೌಂಟರಿನಲ್ಲಿ, ಹಾಜರಿ ಪುಸ್ತಕದ ಪಕ್ಕದಲ್ಲೇ ಇರುತ್ತದೆ.